ಸಂಘದ ಅರ್ಜಿಗೆ ಸಹಿ ಹಾಕಲೇ, ಬೇಡವೇ?

ಪ್ರಶ್ನೆ

ಮೇಡಂ, ನನಗೆ 26 ವರ್ಷ. ಹಾಸನ ಜಿಲ್ಲೆಯ ಹಳ್ಳಿಯವಳು. ಡಿಗ್ರಿ ಮುಗಿಸಿ ಒಂದು ಖಾಸಗಿ ವಿಮಾನ ಕಂಪನಿಯಲ್ಲಿ ಕ್ಯಾಬಿನ್ ಕ್ರೂ ಆಗಿ ಸೇರಿದೆ. ಬೆಂಗಳೂರು ಬೇಸ್. ಮೊದಲ ಕಾಂಟ್ರ್ಯಾಕ್ಟ್ ಮುಗಿದು ಎರಡನೆಯದು ನಡೆಯುತ್ತಿದೆ. ಅದು ಮುಗಿಯಲು ಇನ್ನು ಎಂಟು ತಿಂಗಳಿದೆ. ತಂಗಿ ನರ್ಸಿಂಗ್ ಓದುತ್ತಿದ್ದಾಳೆ, ಅವಳ ಫೀಸು ಕಟ್ಟುವವಳು ನಾನೇ. ಊರಿನ ಮನೆಯ ಸಾಲವೂ ಇದೆ.

ನಮ್ಮ ಸಂಬಳದಲ್ಲಿ ದೊಡ್ಡ ಪಾಲು ಹಾರಾಟದ ಗಂಟೆಗಳ ಲೆಕ್ಕದಲ್ಲಿ ಬರುತ್ತದೆ. ಪಿಕಪ್ ಕ್ಯಾಬ್ ಬೆಳಗಿನ ಜಾವ ಎರಡು ಗಂಟೆಗೇ ಬಾಗಿಲಿಗೆ ಬಂದಿರುತ್ತದೆ. ಬ್ರೀಫಿಂಗ್, ಸೆಕ್ಯುರಿಟಿ, ಬೋರ್ಡಿಂಗ್ ಎಲ್ಲ ಮುಗಿದು ವಿಮಾನ ಅಲುಗುವವರೆಗಿನ ಹೊತ್ತು ಲೆಕ್ಕಕ್ಕೇ ಇಲ್ಲ. ಮಂಜು ಕವಿದು ವಿಮಾನ ಎರಡು ಗಂಟೆ ನಿಂತರೆ ಪ್ರಯಾಣಿಕರ ಬೈಗುಳ ತಿನ್ನುವವರು ನಾವು, ಆ ಎರಡು ಗಂಟೆಯ ದುಡ್ಡು ಮಾತ್ರ ಇಲ್ಲ. ರೋಸ್ಟರ್ ಹಿಂದಿನ ರಾತ್ರಿ ಬದಲಾಗುತ್ತದೆ. ಸಿಕ್ ಹೇಳಿದರೆ, ಡಾಕ್ಟರ್ ಚೀಟಿ ಕಳಿಸಿದರೂ ಫೋನಿನ ಮೇಲೆ ಫೋನು.

ಈಗ ಕೆಲವು ಸೀನಿಯರ್‌ಗಳು ಸೇರಿ ಸಂಘ ಕಟ್ಟಲು ಹೊರಟಿದ್ದಾರೆ. ಅರ್ಜಿಗೆ ಏಳು ಜನರ ಸಹಿ ಬೇಕಂತೆ. ಅಕ್ಕನ ಹಾಗಿರುವ ಸೀನಿಯರ್ ಒಬ್ಬರು, “ನೀನು ಚೆನ್ನಾಗಿ ಮಾತಾಡ್ತೀಯ, ನಿನ್ನ ಹೆಸರೂ ಇರಲಿ” ಅಂದಿದ್ದಾರೆ. ವಿಷಯ ಮ್ಯಾನೇಜರ್ ಕಿವಿಗೂ ಬಿದ್ದಿದೆ. ಒಬ್ಬೊಬ್ಬರನ್ನೇ ಕರೆದು, “ನಾವೆಲ್ಲ ಒಂದೇ ಮನೆಯವರು, ಏನಿದ್ದರೂ ನನ್ನ ಹತ್ತಿರ ಹೇಳಿ. ಹೊರಗಿನವರ ಮಾತು ಕೇಳಿದರೆ ನಾಳೆ ಕಾಂಟ್ರ್ಯಾಕ್ಟ್ ವಿಷಯದಲ್ಲಿ ನಾನೇನೂ ಮಾಡೋಕಾಗಲ್ಲ” ಎಂದರು.

ಅಪ್ಪ ಬಸ್ ಡ್ರೈವರ್ ಆಗಿದ್ದವರು. ಮುಷ್ಕರಕ್ಕೆ ಹೋದರೆಂದು ಅವರನ್ನು ದೂರದ ಡಿಪೊಗೆ ಹಾಕಿದ್ದರು. ಆಗ ಮನೆ ಹೇಗೆ ನಡೆಯಿತು ಎಂದು ನನಗೆ ಗೊತ್ತು. “ಸಂಘದ ಸಹವಾಸ ಬೇಡ ಮಗಳೇ” ಅನ್ನುತ್ತಾರೆ. ಸಹಿ ಹಾಕದಿದ್ದರೆ ಜೊತೆಯವರಿಗೆ ದ್ರೋಹ, ಹಾಕಿದರೆ ಮನೆಗೆ ದ್ರೋಹ ಅನ್ನಿಸುತ್ತದೆ. ಇದೆಲ್ಲ ಬಿಟ್ಟು ದುಬೈಗೋ ದೋಹಾಕ್ಕೋ ಅರ್ಜಿ ಹಾಕಿಬಿಡಲೇ ಎಂಬ ಯೋಚನೆಯೂ ಬರುತ್ತದೆ. ರಜೆಯ ದಿನವೂ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಹೆಸರು ಬೇಡ, ಬೆಂಗಳೂರು

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಕ್ಯಾಬಿನ್ ಕ್ರೂಗೆ ಸಂಘ ಬೇಕೇ ಎನ್ನುವುದು ಒಂದು. ಅದರ ಅರ್ಜಿಯ ಮೊದಲ ಏಳು ಹೆಸರುಗಳಲ್ಲಿ ನಿಮ್ಮದೂ ಇರಬೇಕೇ ಎನ್ನುವುದು ಇನ್ನೊಂದು. ಇವೆರಡನ್ನು ಬಿಡಿಸಿ ನೋಡಿದರೆ ನಿಮ್ಮ ಎದೆಯ ಭಾರ ಅರ್ಧ ಇಳಿಯುತ್ತದೆ. ಮೊದಲನೆಯದಕ್ಕೆ ನನ್ನ ಉತ್ತರ: ಖಂಡಿತ ಬೇಕು, ನೀವು ಸದಸ್ಯೆಯಾಗಿ. ಎರಡನೆಯದಕ್ಕೆ: ಈಗಲೇ ಬೇಡ. ಸಂಖ್ಯೆ ಗಟ್ಟಿಯಾಗುವ ತನಕ ಆ ಜಾಗ ಕಾಂಟ್ರ್ಯಾಕ್ಟ್‌ನ ಕತ್ತಿ ತಲೆಯ ಮೇಲೆ ಇಲ್ಲದವರದಾಗಲಿ. ಹೀಗೆ ಹೇಳುವುದಕ್ಕೆ ಕಾರಣಗಳಿವೆ. ಅವನ್ನು ಪೂರ್ತಿ ತಿಳಿದುಕೊಂಡ ಮೇಲೆ ತೀರ್ಮಾನ ನಿಮ್ಮದು.

ಮ್ಯಾನೇಜರ್ ಮಾತಿನಿಂದಲೇ ಶುರು ಮಾಡೋಣ. ಅವರು ಒಳ್ಳೆಯವರೇ ಇರಬಹುದು. ತಂಗಿಯ ಮದುವೆಗೆ ನಾಲ್ಕು ದಿನ ರಜೆ ಬೇಕಿದ್ದರೆ ಅವರ ಹತ್ತಿರ ಹೋಗುವುದೇ ಸರಿ. ಆದರೆ ಬೋರ್ಡಿಂಗ್ ಹೊತ್ತಿಗೆ ದುಡ್ಡು ಕೊಡಬೇಕೋ ಬೇಡವೋ, ರೋಸ್ಟರ್ ಎಷ್ಟು ದಿನ ಮೊದಲು ಕೈಗೆ ಬರಬೇಕು ಎನ್ನುವುದನ್ನು ಒಂದು ಬೇಸಿನ ಮ್ಯಾನೇಜರ್ ತೀರ್ಮಾನಿಸಲಾರರು. ಅದು ಕಂಪನಿಯ ನಿಯಮ. ಸಾವಿರಾರು ಜನರಿಗೆ ಅನ್ವಯಿಸುವ ನಿಯಮವನ್ನು ಒಬ್ಬಳು ಹುಡುಗಿ ಒಂದು ಕೋಣೆಯಲ್ಲಿ ಕೂತು ಕೇಳಿ ಬದಲಿಸಲು ಆಗುವುದಿಲ್ಲ. ನಿಮ್ಮನ್ನು ಅವರು ಒಬ್ಬೊಬ್ಬರನ್ನಾಗಿ ಕರೆದರು ಎನ್ನುವುದನ್ನೇ ಗಮನಿಸಿ. ಆ ಕೋಣೆಯಲ್ಲಿ ನಿಮ್ಮ ಪಕ್ಕ, ನಿಮ್ಮ ಪರವಾಗಿ, ನಿಯಮ ಓದಿಕೊಂಡು ಬಂದ ಇನ್ನೊಬ್ಬರು ಕೂತಿದ್ದರೆ ಕಾಂಟ್ರ್ಯಾಕ್ಟ್‌ನ ಮಾತು ಅಷ್ಟು ಸಲೀಸಾಗಿ ಬಾಯಿಂದ ಹೊರಡುತ್ತಿರಲಿಲ್ಲ. ಸಂಘದಿಂದ ದಿನನಿತ್ಯ ಸಿಗುವ ದೊಡ್ಡ ಲಾಭ ಇದೇ. ಘೋಷಣೆ, ಬಾವುಟ, ಮುಷ್ಕರ ಎಲ್ಲ ಅಪರೂಪಕ್ಕೆ ಬರುವಂಥವು. ಪತ್ರ ಬರೆಯುವುದು, ಉತ್ತರ ಕೇಳುವುದು, ಸಭೆಯಲ್ಲಿ ಕೂರುವುದು, ಒಪ್ಪಂದ ಓದುವುದು, ಕರೆ ಬಂದಾಗ ಜೊತೆಗೆ ಹೋಗುವುದು: ಸಂಘದ ಕೆಲಸದಲ್ಲಿ ಹೆಚ್ಚಿನದು ಇಷ್ಟೇ.

ನಿಮ್ಮ ವೃತ್ತಿಯ ಚರಿತ್ರೆ ನಿಮ್ಮ ವಯಸ್ಸಿನವರಿಗೆ ಯಾರೂ ಹೇಳಿರುವುದಿಲ್ಲ. ಒಂದು ಕಾಲಕ್ಕೆ ಏರ್ ಇಂಡಿಯಾದಲ್ಲಿ ಗಗನಸಖಿಯರು 35 ವರ್ಷಕ್ಕೆ ನಿವೃತ್ತರಾಗಬೇಕಿತ್ತು. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಹೋಗುತ್ತಿತ್ತು, ಮೊದಲ ಬಸಿರಿಗೇ ಮನೆಗೆ ಕಳಿಸುತ್ತಿದ್ದರು. 35 ದಾಟಿದ ಮೇಲೆ ಸೇವೆ ಮುಂದುವರಿಸುವುದು ಆಡಳಿತ ನಿರ್ದೇಶಕರ ಮರ್ಜಿ. ನರ್ಗೀಸ್ ಮಿರ್ಜಾ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪ್ರಶ್ನಿಸಿದರು. 1981ರಲ್ಲಿ ಸುಪ್ರೀಂ ಕೋರ್ಟ್ ಬಸಿರಿನ ನಿಯಮವನ್ನೂ ಆ ಮರ್ಜಿಯ ಅಧಿಕಾರವನ್ನೂ ಕಿತ್ತುಹಾಕಿತು. ಮದುವೆಯ ನಿಯಮವನ್ನು ಮಾತ್ರ ಉಳಿಸಿತು. ಪೂರ್ತಿ ಗೆಲುವಲ್ಲ ನಿಜ. ಆದರೆ ಇವತ್ತು ತಾಯಿಯಾದ ಸೀನಿಯರ್ ಒಬ್ಬರು ಹೆರಿಗೆ ರಜೆ ಮುಗಿಸಿ ಮತ್ತೆ ಯೂನಿಫಾರ್ಮ್ ತೊಟ್ಟು ವಿಮಾನ ಹತ್ತುತ್ತಿದ್ದರೆ, ಆ ಹಾದಿಯನ್ನು ಮೊದಲು ತುಳಿದವರು ಅವರು.

ಇನ್ನೊಂದು ಕಥೆಯನ್ನೂ ಹೇಳಬೇಕು, ಅದು ಸಂಘದ ಪರವಾಗಿಲ್ಲ. ಮುಂದೆ ಅದೇ ಸಂಸ್ಥೆಯಲ್ಲಿ, ಹಳೆಯ ಗಗನಸಖಿಯರು 50 ವರ್ಷಕ್ಕೆ ಹಾರಾಟ ಬಿಟ್ಟು ನೆಲದ ಕೆಲಸಕ್ಕೆ ಬರಬೇಕು, ಗಂಡಸರು ಮಾತ್ರ 58ರವರೆಗೆ ಹಾರಬಹುದು ಎಂಬ ವ್ಯವಸ್ಥೆ ಇತ್ತು. ಕ್ಯಾಬಿನ್ ಕ್ರೂ ಸಂಘವೂ ಅದಕ್ಕೆ ಒಪ್ಪಿತ್ತು. ಒಪ್ಪದ ಮಹಿಳೆಯರು ಬಾಂಬೆ ಹೈಕೋರ್ಟ್‌ಗೆ ಹೋಗಿ ಗೆದ್ದರು. ಅದರ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದವರಲ್ಲಿ ಸಂಘವೇ ಇತ್ತು. 2003ರಲ್ಲಿ ತೀರ್ಪು ಆ ಮಹಿಳೆಯರ ವಿರುದ್ಧವಾಯಿತು. ಇದನ್ನು ಹೇಳಿದ್ದು ನಿಮ್ಮನ್ನು ಹಿಂಜರಿಯುವಂತೆ ಮಾಡಲು ಅಲ್ಲ. ಸಂಘ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಎಲ್ಲರ ದನಿಯಾಗುವುದಿಲ್ಲ. ಪದಾಧಿಕಾರಿಗಳು ಯಾರು, ಅವರಲ್ಲಿ ಹೆಂಗಸರೆಷ್ಟು, ಜೂನಿಯರ್‌ಗಳೆಷ್ಟು ಎಂದು ಮೊದಲ ದಿನದಿಂದಲೇ ಕೇಳುವವರು ಒಳಗಿರಬೇಕು. ಚೆನ್ನಾಗಿ ಮಾತಾಡುವ ನೀವು ಸದಸ್ಯೆಯಾಗಿ ಇರಬೇಕಾದದ್ದು ಇಂಥ ಕಡೆಗೇ.

ನೀವು ಬರೆದ ಬೋರ್ಡಿಂಗ್ ಹೊತ್ತಿನ ಗೋಳು ನಿಮ್ಮ ಕಂಪನಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ನ ಗಗನಸಖಿಯರಿಗೆ ಸಂಘವಿಲ್ಲ. ಅಲ್ಲಿ ಸಂಘ ಕಟ್ಟುವ ಪ್ರಚಾರ ನಡೆಯುತ್ತಿದ್ದ 2022ರಲ್ಲಿ ಕಂಪನಿ ಬೋರ್ಡಿಂಗ್ ಹೊತ್ತಿಗೂ ಗಂಟೆಯ ದರದ ಅರ್ಧದಷ್ಟು ಕೊಡಲು ಶುರು ಮಾಡಿತು. 2025ರ ಆಗಸ್ಟ್ 16ರಂದು ಏರ್ ಕೆನಡಾದ ಹತ್ತು ಸಾವಿರ ಕ್ಯಾಬಿನ್ ಕ್ರೂ ಮುಷ್ಕರ ಹೂಡಿದರು. ನೆಲದ ಮೇಲಿನ ಕೆಲಸಕ್ಕೂ ಸಂಬಳ ಬೇಕು ಎನ್ನುವುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಕೆಲಸಕ್ಕೆ ಮರಳಿ ಎಂದು ಸರ್ಕಾರ ಆದೇಶಿಸಿದರೂ ಅವರು ಜಗ್ಗಲಿಲ್ಲ. ಮೂರು ದಿನ ಕಳೆದ ಮೇಲೆ ಒಪ್ಪಂದವಾಯಿತು, ನೆಲದ ಹೊತ್ತಿನ ಸಂಬಳವೂ ಅದರಲ್ಲಿ ಸೇರಿತು. ಒಂದು ಕಡೆ ಸಂಘ ಬಂದೀತೆಂಬ ಸಾಧ್ಯತೆ ಇರುವಾಗಲೇ, ಇನ್ನೊಂದು ಕಡೆ ಸಂಘವೇ ಎದ್ದು ನಿಂತಾಗ ಆ ಹೊತ್ತಿಗೆ ಬೆಲೆ ಬಂತು. ನೀವು ಕೇಳುತ್ತಿರುವುದು ದುರಾಸೆಯೂ ಅಲ್ಲ, ಯಾರೂ ಕಂಡು ಕೇಳದ್ದೂ ಅಲ್ಲ.

ವಿಶ್ರಾಂತಿಯ ವಿಷಯ ಇನ್ನೂ ಗಂಭೀರವಾದದ್ದು. ಸ್ಥೂಲವಾಗಿ ಐವತ್ತು ಆಸನಕ್ಕೆ ಒಬ್ಬರಂತೆ ನಿಮ್ಮನ್ನು ವಿಮಾನದಲ್ಲಿ ಇಡಲೇಬೇಕೆಂದು ಕಾನೂನು ಹೇಳುವುದು ಚಹಾ ಕೊಡಲಿ ಎಂದಲ್ಲ, ಬೆಂಕಿ ಬಿದ್ದಾಗ ಜನರನ್ನು ಇಳಿಸಲಿ ಎಂದು. 2024ರ ಜನವರಿ 2ರಂದು ಟೋಕಿಯೊದ ಹನೇಡಾ ರನ್‌ವೇಯಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಅದರಲ್ಲಿದ್ದ 379 ಮಂದಿಯೂ ಜೀವಂತ ಹೊರಬಂದರು. ಯಾವ ಬಾಗಿಲು ತೆರೆಯಬೇಕು, ಯಾವುದನ್ನು ತೆರೆಯಬಾರದು ಎಂದು ಹೊಗೆಯ ನಡುವೆ ನಿರ್ಧರಿಸಿದವರು ನಿಮ್ಮಂಥ ಕ್ಯಾಬಿನ್ ಕ್ರೂ. ನಿದ್ದೆಗೆಟ್ಟ ಕಣ್ಣಿಗೆ ಆ ನಿರ್ಧಾರ ಕಷ್ಟ. ಆದ್ದರಿಂದ ರೋಸ್ಟರ್ ಬಗ್ಗೆ ನೀವು ಕೂಡಿ ಮಾತಾಡಿದರೆ ಅದು 12ನೇ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಯ ಪರವಾದ ಮಾತೂ ಹೌದು.

ಮಾತಾಡುವ ದಾರಿ ಇಲ್ಲದಾಗ ಏನಾಗುತ್ತದೆ? 2008ರ ಅಕ್ಟೋಬರ್‌ನಲ್ಲಿ ಜೆಟ್ ಏರ್‌ವೇಸ್ ಸುಮಾರು 1,900 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಅವರಲ್ಲಿ ಬಹಳ ಮಂದಿ ಕೆಲಸ ಕಾಯಂ ಆಗದ ಎಳೆಯ ಕ್ಯಾಬಿನ್ ಕ್ರೂ. ಹುಡುಗ ಹುಡುಗಿಯರು ಯೂನಿಫಾರ್ಮ್‌ನಲ್ಲೇ ಬೀದಿಗೆ ಬಂದರು. ಮುಂಬೈಯಲ್ಲಿ ರಾಜಕೀಯ ಪಕ್ಷವೊಂದರ ನಾಯಕರ ಬಾಗಿಲಿಗೂ ಹೋದರು. ಗದ್ದಲ ಎದ್ದು ಮರುದಿನವೇ ಕಂಪನಿ ನಿರ್ಧಾರ ಹಿಂಪಡೆಯಿತು. 2022ರ ಜುಲೈ 2ರಂದು ಇಂಡಿಗೊದ ಅರ್ಧಕ್ಕಿಂತ ಹೆಚ್ಚು ದೇಶೀಯ ವಿಮಾನಗಳು ತಡವಾಗಿ ಹೊರಟವು. ಕ್ಯಾಬಿನ್ ಕ್ರೂ ದೊಡ್ಡ ಸಂಖ್ಯೆಯಲ್ಲಿ ಅನಾರೋಗ್ಯದ ರಜೆ ಹಾಕಿದ್ದರು, ಆ ದಿನಗಳಲ್ಲಿ ಏರ್ ಇಂಡಿಯಾದ ನೇಮಕಾತಿ ನಡೆಯುತ್ತಿತ್ತು ಎಂದು ಪತ್ರಿಕೆಗಳು ಬರೆದವು. ಬಾಯಿಂದ ಹೇಳಲಾಗದ್ದನ್ನು ಜನ ರಜೆಯಿಂದ ಹೇಳತೊಡಗುತ್ತಾರೆ. ಆ ಭಾಷೆಯಲ್ಲಿ ಸಿಟ್ಟು ಕೇಳಿಸುತ್ತದೆ, ಬೇಡಿಕೆ ಕೇಳಿಸುವುದಿಲ್ಲ.

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ 2024ರ ಮೇ ತಿಂಗಳಲ್ಲಿ ನಡೆದದ್ದು ನಿಮಗೆ ನೆನಪಿರುತ್ತದೆ. ಇನ್ನೂರಕ್ಕೂ ಹೆಚ್ಚು ಮಂದಿ ಒಮ್ಮೆಲೇ ಸಿಕ್ ಹೇಳಿದರು. ಎಂಬತ್ತಕ್ಕೂ ಹೆಚ್ಚು ವಿಮಾನಗಳು ರದ್ದಾಗಿ, ಗಲ್ಫ್‌ಗೆ ಹೊರಟವರು ನಿಲ್ದಾಣದಲ್ಲೇ ಉಳಿದರು. ಕಂಪನಿ 25 ಮಂದಿಯನ್ನು ವಜಾ ಮಾಡಿತು. ಆದರೆ ಅಲ್ಲಿ ನೋಂದಾಯಿತ ಸಂಘವಿತ್ತು. ಅದು ಕಾರ್ಮಿಕ ಇಲಾಖೆಗೆ ಮೊದಲೇ ದೂರು ಕೊಟ್ಟಿತ್ತು. ಮೇ 9ರಂದು ದೆಹಲಿಯಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಎರಡೂ ಕಡೆಯವರು ಕೂತರು. ಆ 25 ಮಂದಿಯನ್ನು ವಾಪಸು ತೆಗೆದುಕೊಳ್ಳಲು ಕಂಪನಿ ಒಪ್ಪಿತು, ಉಳಿದವರು ಕೆಲಸಕ್ಕೆ ಮರಳಲು ಒಪ್ಪಿದರು. ಸಿಕ್ ಹೇಳಿ ಹೋರಾಡಿದ್ದನ್ನು ನಾನು ಮೆಚ್ಚುವುದಿಲ್ಲ. ಕಾಯಿಲೆಯಿಲ್ಲದೆ ಕಾಯಿಲೆ ಎಂದರೆ ನಿಜವಾಗಿ ಜ್ವರ ಬಂದವಳ ಮಾತಿಗೂ ಬೆಲೆ ಹೋಗುತ್ತದೆ, ದಾರಿ ನೋಡುತ್ತಿರುವ ಪ್ರಯಾಣಿಕನೂ ಎದುರಾಳಿಯಾಗುತ್ತಾನೆ. ಆದರೆ ವಜಾ ಆದವರ ಪರವಾಗಿ ಮೇಜಿನ ಎದುರು ಕೂರಲು ಯಾರೋ ಇದ್ದರಲ್ಲ, ಅದನ್ನು ಮರೆಯಬೇಡಿ.

ಈಗ ಕಾನೂನು. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನಿಮ್ಮ ಸೀನಿಯರ್ ಹೇಳಿದಂತೆ ನೋಂದಣಿಯ ಅರ್ಜಿಗೆ ಕನಿಷ್ಠ ಏಳು ಮಂದಿ ಬೇಕು. ಆದರೆ ಏಳೇ ಮಂದಿ ಸಾಲದು. ಅರ್ಜಿ ಹಾಕುವ ದಿನ ನೌಕರರಲ್ಲಿ ಶೇ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ನಿಮ್ಮ ಕಂಪನಿಯಲ್ಲಿ ಸಾವಿರಾರು ನೌಕರರಿದ್ದರೆ ಆ ಸಂಖ್ಯೆ 100. ಈಗ ಕೈಯಲ್ಲಿರುವುದು ಹತ್ತಿಪ್ಪತ್ತು ಹೆಸರಾದರೆ ಆ ಅರ್ಜಿಗೆ ಇನ್ನೂ ಕಾಲ ಬಂದಿಲ್ಲ ಎಂದೇ ಅರ್ಥ. ಮೊದಲ ಏಳು ಮಂದಿ ಕಂಪನಿಯ ಕಣ್ಣಿಗೆ ಬಿದ್ದು, ಸಂಘ ಮಾತ್ರ ಹುಟ್ಟದೆ ಹೋಗಬಾರದು.

ನೋಂದಣಿ ಆದ ತಕ್ಷಣ ಕಂಪನಿ ಮಾತುಕತೆಗೆ ಕೂರಬೇಕೆಂದೂ ಇಲ್ಲ. ಸಂಘ ಒಂದೇ ಇದ್ದರೆ, ಸರ್ಕಾರ ನಿಗದಿ ಮಾಡುವ ಮಾನದಂಡಕ್ಕೆ ಒಳಪಟ್ಟು ಅದಕ್ಕೇ ಮಾನ್ಯತೆ. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಶೇ 51ರಷ್ಟು ನೌಕರರ ಬೆಂಬಲ ಇರುವ ಸಂಘ ಮಾತುಕತೆಯ ಏಕೈಕ ಸಂಘವಾಗುತ್ತದೆ. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ, ಕನಿಷ್ಠ ಶೇ 20ರಷ್ಟು ಬೆಂಬಲ ಇರುವ ಸಂಘಗಳು ಸೇರಿ ಮಾತುಕತೆಯ ಮಂಡಳಿ ಆಗುತ್ತದೆ. ಈ ಲೆಕ್ಕದಲ್ಲಿ ಗ್ರೌಂಡ್ ಸ್ಟಾಫ್ ಕೂಡ ಬರುತ್ತಾರೆಯೇ ಎಂದು ಕಾರ್ಮಿಕ ವಕೀಲರೊಬ್ಬರಲ್ಲಿ ಕೇಳಿ ತಿಳಿದುಕೊಳ್ಳಲು ನಿಮ್ಮ ಗುಂಪಿಗೆ ಹೇಳಿ. ಬರುತ್ತಾರೆ ಎಂದಾದರೆ ಚೆಕ್‌ಇನ್ ಕೌಂಟರಿನ ಹುಡುಗರನ್ನೂ ಈಗಿನಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕು.

ಮ್ಯಾನೇಜರ್ ಹೇಳಿದ “ಹೊರಗಿನವರ” ಬಗ್ಗೆಯೂ ಕಾನೂನು ಸ್ಪಷ್ಟವಾಗಿದೆ. ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ ಐವರು, ಯಾವುದು ಕಡಿಮೆಯೋ ಅಷ್ಟು ಮಂದಿ ಮಾತ್ರ ಹೊರಗಿನವರಿರಬಹುದು. ಉಳಿದವರೆಲ್ಲ ನಿಮ್ಮವರೇ ಆಗಿರಬೇಕು. ಸಂಘ ಸೇರಿದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಬೆದರಿಸುವುದು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿದೆ. ಸಂಘ ಕಟ್ಟುವ ನಿರ್ಣಾಯಕ ಹೊತ್ತಿನಲ್ಲಿ ಸಂಬಳ ಏರಿಸಿ ಅದರ ಬಲ ಮುರಿಯುವುದು ಕೂಡ ಆ ಪಟ್ಟಿಯಲ್ಲೇ ಇದೆ. ಅವರು ಆಡಿದ ಮಾತನ್ನು ದಿನಾಂಕ, ಸಮಯ, ಜಾಗದ ಸಮೇತ ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಡಿ.

ಇಷ್ಟೆಲ್ಲ ರಕ್ಷಣೆ ಇದ್ದೂ ಮೊದಲ ಏಳರಲ್ಲಿ ಬೇಡ ಎಂದದ್ದೇಕೆ? ನಿಮ್ಮದು ನಿಗದಿತ ಅವಧಿಯ ಕಾಂಟ್ರ್ಯಾಕ್ಟ್. ಅದು ಮುಗಿದು, ನವೀಕರಿಸದೆ ಬಿಟ್ಟರೆ ಕಾನೂನಿನ ಕಣ್ಣಿನಲ್ಲಿ ಅದು ಉದ್ಯೋಗ ಕಡಿತವಲ್ಲ. ಸಂಘದ ಕಾರಣಕ್ಕೇ ಕೈಬಿಟ್ಟರು ಎಂದು ಸಾಬೀತು ಮಾಡುವ ಹೊರೆ ನಿಮ್ಮ ಹೆಗಲಿಗೆ ಬೀಳುತ್ತದೆ, ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಆ ಹೊತ್ತಿಗೆ ತಂಗಿಯ ಓದು ನಿಂತರೆ ಯಾವ ತೀರ್ಪೂ ಅದನ್ನು ತುಂಬಿಕೊಡುವುದಿಲ್ಲ. ನಿಮ್ಮ ಬೇಸಿನಲ್ಲಿ ಕಾಯಂ ಆದವರು, ಕಾಂಟ್ರ್ಯಾಕ್ಟ್ ಈಚೆಗಷ್ಟೇ ನವೀಕರಣವಾದವರು ಇದ್ದೇ ಇರುತ್ತಾರೆ. ಮುಂದಿನ ಸಾಲಿನಲ್ಲಿ ನಿಲ್ಲುವ ಕೆಲಸ ಮೊದಲು ಅವರದು. ಇನ್ನೊಂದು ಎಚ್ಚರ: ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರನ್ನು ಸಂಹಿತೆ ಬೇರೆ ಕಡೆ ‘ಕಾರ್ಮಿಕ’ ಎಂದು ಲೆಕ್ಕಿಸದಿದ್ದರೂ, ಸಂಘಗಳ ಅಧ್ಯಾಯದಲ್ಲಿ ಉದ್ಯಮದ ಎಲ್ಲ ನೌಕರರೂ ಕಾರ್ಮಿಕರೇ. ಆದರೂ ಕ್ಯಾಬಿನ್‌ನ ಉಸ್ತುವಾರಿ ಹೊತ್ತ ಸೀನಿಯರ್‌ಗಳ ಬಗ್ಗೆ ಕಂಪನಿ ತಕರಾರು ತೆಗೆಯಬಹುದು. ಸಹಿ ಹಾಕುವ ಏಳು ಮಂದಿಯನ್ನು ಆರಿಸುವಾಗ ಇದನ್ನೂ ವಕೀಲರಿಗೆ ತೋರಿಸಲಿ.

ಹಾಗೆಂದು ನೀವು ಸುಮ್ಮನೆ ಕೂರಬೇಕಿಲ್ಲ. ಸದಸ್ಯತ್ವದ ಚಂದಾ ಕೊಟ್ಟು ರಸೀದಿ ಪಡೆಯಿರಿ. ಇದರ ಜೊತೆಗೆ, ಸಂಘಕ್ಕೆ ಭಾಷಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಒಂದು ಕೆಲಸವನ್ನು ನೀವು ಹೊತ್ತುಕೊಳ್ಳಬಹುದು. ಪಿಕಪ್ ಎಷ್ಟು ಗಂಟೆಗೆ, ರಿಪೋರ್ಟಿಂಗ್ ಎಷ್ಟು ಗಂಟೆಗೆ, ವಿಮಾನ ಅಲುಗಿದ್ದು ಯಾವಾಗ, ಇಳಿದು ಮನೆ ಸೇರಿದ್ದು ಯಾವಾಗ, ರೋಸ್ಟರ್ ಬದಲಾದ ಮೆಸೇಜ್ ಬಂದದ್ದು ಯಾವಾಗ ಎಂದು ಒಂದೊಂದು ಡ್ಯೂಟಿಯದೂ ಬರೆದಿಡಿ. ಜೊತೆಯ ಇಪ್ಪತ್ತು ಮಂದಿಯಿಂದಲೂ ಬರೆಸಿ. ಮೂರು ತಿಂಗಳ ಈ ಲೆಕ್ಕ ಮೇಜಿನ ಮೇಲಿದ್ದರೆ “ಎಲ್ಲೋ ಒಂದೆರಡು ಸಲ ಹಾಗಾಗಿರಬಹುದು” ಎಂಬ ಉತ್ತರ ನಿಲ್ಲುವುದಿಲ್ಲ.

ಸಹಿ ಕೇಳಿದ ಸೀನಿಯರ್ ಅಕ್ಕನನ್ನು ಕೆಲವು ಪ್ರಶ್ನೆ ಕೇಳಿ. ಸದಸ್ಯರು ಎಷ್ಟಾದರು, ಯಾವ ಯಾವ ಬೇಸಿನವರು? ಬೈಲಾ ಯಾರು ಬರೆದರು, ನನಗೆ ಓದಲು ಸಿಗುತ್ತದೆಯೇ? ಚಂದಾ ಹಣ ಯಾವ ಖಾತೆಗೆ, ಲೆಕ್ಕ ನೋಡುವವರು ಯಾರು? ಯಾವುದಾದರೂ ಕೇಂದ್ರ ಕಾರ್ಮಿಕ ಸಂಘಟನೆಗೆ ಸೇರುತ್ತೇವೆಯೇ, ಅದನ್ನು ಮತ ಹಾಕಿ ತೀರ್ಮಾನಿಸುತ್ತೇವೆಯೇ? ಮೊದಲ ಮೂರು ಬೇಡಿಕೆ ಯಾವುವು? ಯಾರನ್ನಾದರೂ ಕೆಲಸದಿಂದ ತೆಗೆದರೆ ಅವರ ಮನೆಗೆ ಆಸರೆಯಾಗಲು ನಿಧಿ ಇದೆಯೇ? ಉತ್ತರ ಸಿಕ್ಕರೆ ಸಂಘಕ್ಕೆ ಬೇರು ಇದೆ ಎಂದು ತಿಳಿಯಿರಿ. ಪ್ರಶ್ನೆ ಕೇಳಿದ್ದಕ್ಕೇ ಮುಖ ತಿರುಗಿಸಿದರೆ ಸ್ವಲ್ಪ ಕಾಯಿರಿ.

ಕೆಲವನ್ನು ಮಾಡಲೇಬೇಡಿ. ಕಂಪನಿಯ ಇಮೇಲ್, ಕಂಪನಿ ಕೊಟ್ಟ ಟ್ಯಾಬ್‌ನಲ್ಲಿ ಸಂಘದ ಮಾತು ಬೇಡ. ಯೂನಿಫಾರ್ಮ್‌ನಲ್ಲಿ ವಿಡಿಯೊ ಮಾಡಿ ಹಾಕಬೇಡಿ. ಎಲ್ಲರೂ ಒಂದೇ ದಿನ ರಜೆ ಹಾಕೋಣ ಎಂದು ಗುಂಪಿನಲ್ಲಿ ಮಾತು ಬಂದರೆ ಅಲ್ಲೇ ತಡೆಯಿರಿ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ನೌಕರರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಹೊಸ ಸಂಹಿತೆಯಲ್ಲಿ ಅದೂ ಮುಷ್ಕರವೇ. ಮುಷ್ಕರಕ್ಕೆ ಕನಿಷ್ಠ 14 ದಿನ ಮೊದಲು ನೋಟಿಸ್ ಕೊಟ್ಟಿರಬೇಕು. ರಾಜಿ ಮಾತುಕತೆ ನಡೆಯುವಾಗ ಮುಷ್ಕರ ಹೂಡುವಂತಿಲ್ಲ. ತಪ್ಪಿದರೆ ಅದು ಕಾನೂನುಬಾಹಿರ.

ಸಂಘ ಹುಟ್ಟುವ ತನಕವೂ ದಾರಿ ಇಲ್ಲದಿಲ್ಲ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಅದರಲ್ಲಿ ಆಡಳಿತದವರೂ ನೌಕರರೂ ಸಮ ಸಂಖ್ಯೆಯಲ್ಲಿರಬೇಕು, ಮಹಿಳೆಯರಿಗೆ ತಕ್ಕ ಪಾಲು ಇರಬೇಕು. ತೊಂದರೆ ಆದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. ನಿಮ್ಮ ಕಂಪನಿಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಹಾಕಿ ಕೇಳಿ. ಅಲ್ಲಿ ನ್ಯಾಯ ಸಿಗದಿದ್ದರೆ, ಸಂಘ ಹುಟ್ಟಿದ ಮೇಲೆ ಅದರ ಮೂಲಕ ರಾಜಿ ಅಧಿಕಾರಿಯ ಬಳಿಗೆ ಹೋಗಬಹುದು. ವಿಮಾನಯಾನದ ಕಾರ್ಮಿಕ ವಿವಾದಗಳು ಕೇಂದ್ರದ ಕಾರ್ಮಿಕ ಇಲಾಖೆಯ ವ್ಯಾಪ್ತಿಗೆ ಬರುತ್ತವೆ. ಆ ಇಲಾಖೆಯ ಕಚೇರಿ ಬೆಂಗಳೂರಿನಲ್ಲೇ ಇದೆ, ದೆಹಲಿಗೆ ಓಡಬೇಕಿಲ್ಲ.

ಇನ್ನು ಅಪ್ಪ. ಅವರದು ಯಾವ ಮುಷ್ಕರ ಎಂದು ನೀವು ಬರೆದಿಲ್ಲ. 2021ರ ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರು ಬಸ್ ನಿಲ್ಲಿಸಿದ್ದನ್ನು, ಹೈಕೋರ್ಟ್ ಹೇಳಿದ ಮೇಲೆ ಅದು ನಿಂತದ್ದನ್ನು, ಆಮೇಲೆ ಎಷ್ಟೋ ಮಂದಿ ವಜಾ, ಅಮಾನತು, ವರ್ಗಾವಣೆ ಎಂದು ಅಲೆದದ್ದನ್ನು ಕರ್ನಾಟಕ ಕಣ್ಣಾರೆ ನೋಡಿದೆ. ಡ್ರೈವರ್ ಆಗಿದ್ದವರ ಮನೆಯಲ್ಲಿ ಆ ಭಯ ಉಳಿದಿದ್ದರೆ ಅದಕ್ಕೆ ಗೌರವ ಕೊಡಬೇಕು, ವಾದಕ್ಕೆ ಇಳಿಯಬಾರದು. ಮುಂದಿನ ಸಲ ಊರಿಗೆ ಹೋದಾಗ ಪಕ್ಕ ಕೂತು ಕೇಳಿ: “ಅಪ್ಪಾ, ಆವಾಗ ಯಾರು ಜೊತೆಗಿದ್ದರು? ಯಾರು ಕೈಬಿಟ್ಟರು? ಈಗ ಮಾಡೋದಾದರೆ ಏನು ಬೇರೆ ಥರ ಮಾಡ್ತಿದ್ರಿ?” ಸೋಲು ಕಂಡವರಿಗೆ ಗೊತ್ತಿರುವಷ್ಟು ವಿವರ ಗೆದ್ದವರಿಗೂ ಗೊತ್ತಿರುವುದಿಲ್ಲ. ನೀವು ಮುಷ್ಕರಕ್ಕೆ ಹೊರಟಿಲ್ಲ, ಸದಸ್ಯೆ ಮಾತ್ರ ಆಗುತ್ತಿದ್ದೀರಿ ಎಂದೂ ತಿಳಿಸಿ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರೂ 2017ರಲ್ಲಿ ತಮ್ಮದೊಂದು ಸಂಘ ನೋಂದಾಯಿಸಿಕೊಂಡರು, ಕೆಲಸ ಮಾಡಿಕೊಂಡೇ ಅದನ್ನು ನಡೆಸುತ್ತಿದ್ದಾರೆ ಎಂದು ಹೇಳಿ. ಅವರಿಗೆ ಧೈರ್ಯ ಬಂದೀತು.

ದುಬೈ, ದೋಹಾದ ಯೋಚನೆ ಬಗ್ಗೆ. ನಮ್ಮ ಕರಾವಳಿಯ, ಮಲೆನಾಡಿನ ಎಷ್ಟೋ ಮಕ್ಕಳು ಅಲ್ಲಿ ದುಡಿದು ಮನೆ ಕಟ್ಟಿದ್ದಾರೆ. ಹೆಚ್ಚಿನ ಸಂಬಳಕ್ಕಾಗಿ, ಜಗತ್ತು ನೋಡುವುದಕ್ಕಾಗಿ ಹೋಗುವುದಾದರೆ ಖುಷಿಯಿಂದ ಹೋಗಿ. ಆದರೆ ಈ ಗೊಂದಲದಿಂದ ತಪ್ಪಿಸಿಕೊಳ್ಳಲು ಹೋಗುವುದಾದರೆ ತಿಳಿದುಕೊಂಡು ಹೋಗಿ. ಯುಎಇಯಲ್ಲಿ ಕಾರ್ಮಿಕ ಸಂಘಕ್ಕೆ ಜಾಗವೇ ಇಲ್ಲ. ಕತಾರ್‌ನಲ್ಲಿ ವಲಸೆ ಬಂದವರು ಸಂಘ ಕಟ್ಟುವಂತಿಲ್ಲ. ಬಸಿರಾದ ಕ್ಯಾಬಿನ್ ಕ್ರೂವನ್ನು ಕೆಲಸದಿಂದ ತೆಗೆಯಲು ಅವಕಾಶ ಕೊಡುವ ಷರತ್ತು ಕತಾರ್ ಏರ್‌ವೇಸ್‌ನ ಕಾಂಟ್ರ್ಯಾಕ್ಟ್‌ನಲ್ಲಿತ್ತು. ಅದರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ದೂರು ಹೋಗಿ, ಇದು ತಾರತಮ್ಯ ಎಂದು 2015ರಲ್ಲಿ ಹೇಳಿಸಬೇಕಾದರೆ ಹೊರದೇಶಗಳ ಸಾರಿಗೆ ಕಾರ್ಮಿಕರ ಒಕ್ಕೂಟ ದನಿ ಎತ್ತಬೇಕಾಯಿತು. ಒಳಗಿದ್ದವರಿಗೆ ಆ ದಾರಿ ಇರಲಿಲ್ಲ. ಇಲ್ಲಿ ನಿಮಗೆ ಅದು ಇದೆ.

ನಿದ್ದೆಯ ಮಾತನ್ನು ಕೊನೆಗೆ ಬರೆದಿದ್ದೀರಿ, ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ರಜೆಯ ದಿನವೂ ನಿದ್ದೆ ಬಾರದಿದ್ದರೆ ಈ ವಾರವೇ ವೈದ್ಯರನ್ನು ಕಾಣಿ. ಡ್ಯೂಟಿಯ ಹೊತ್ತಿನಲ್ಲಿ ಆಯಾಸ ಮಿತಿ ಮೀರಿದರೆ ಕಂಪನಿಯ ಸುರಕ್ಷತಾ ವಿಭಾಗಕ್ಕೆ ಬರಹದಲ್ಲಿ ವರದಿ ಕೊಡಿ. ಸಂಘದ ವಾಟ್ಸ್ಯಾಪ್ ಗುಂಪನ್ನು ಮಲಗುವ ಹೊತ್ತಿಗೆ ಮ್ಯೂಟ್ ಮಾಡಿ. ಎಲ್ಲರ ಚಿಂತೆಯನ್ನು ನೀವೊಬ್ಬರೇ ರಾತ್ರಿಯಿಡೀ ಹೊರಬೇಕಿಲ್ಲ, ಹಂಚಿಕೊಳ್ಳಲಿ ಎಂದೇ ತಾನೇ ಸಂಘ ಕಟ್ಟುತ್ತಿರುವುದು.

ದ್ರೋಹ ಎಂಬ ಮಾತು ಬರೆದಿರಿ. ಮನೆಯ ಅನ್ನ ಉಳಿಸಿಕೊಳ್ಳುವುದು ಜೊತೆಯವರಿಗೆ ಮಾಡುವ ದ್ರೋಹವಲ್ಲ, ಜೊತೆಯವರೊಂದಿಗೆ ನಿಲ್ಲುವುದು ಮನೆಗೆ ಮಾಡುವ ದ್ರೋಹವೂ ಅಲ್ಲ. ಇವೆರಡನ್ನೂ ಒಬ್ಬಳೇ ತೂಗಬೇಕಾಗಿ ಬಂದದ್ದರಿಂದ ಹಾಗೆ ಅನ್ನಿಸಿದೆ. ನಾಳೆ ಸೀನಿಯರ್ ಅಕ್ಕನಿಗೆ ನೇರವಾಗಿ ಹೇಳಿ: “ನಾನು ಸದಸ್ಯೆಯಾಗುತ್ತೇನೆ. ಡ್ಯೂಟಿ ಲೆಕ್ಕ ಬರೆಸುವ ಕೆಲಸ ನನ್ನದು. ನೂರು ಹೆಸರು ತುಂಬಿದ ದಿನ ನನ್ನ ಸಹಿಯ ಬಗ್ಗೆ ಮತ್ತೆ ಕೇಳಿ.” ಅದನ್ನು ಕೇಳಿ ಆಕೆ ನಿಮ್ಮನ್ನು ದೂರ ಮಾಡಲಾರರು. ನಿಜವಾಗಿ ಸಂಘ ಕಟ್ಟುವವರಿಗೆ ಇಂಥ ಸದಸ್ಯರೇ ಬೇಕು.